ಕ್ವಾಲಿಸ್‌ಗೆ ಇಪ್ಪತ್ತು ದಾಟಿತು: ಗುಜರಿಗೆ ಹಾಕೋದಾ, ಇನ್ನೂ ಓಡಿಸೋದಾ?

ಸಂತೆ ದಿನ ಬೆಳಗ್ಗೆ ಯಾವ ತಾಲೂಕು ಕೇಂದ್ರದಲ್ಲಾದರೂ ನಿಂತು ನೋಡಿ. ಬಟ್ಟೆ ಗಂಟು, ಪಾತ್ರೆ ಮೂಟೆ, ಟೊಮೆಟೊ ಕ್ರೇಟ್ ಹೊತ್ತುಕೊಂಡು ಬರೋ ಗಾಡಿಗಳಲ್ಲಿ ಒಂದಾದರೂ ಹಳೇ ಕ್ವಾಲಿಸ್ ಇದ್ದೇ ಇರುತ್ತದೆ. ಪಕ್ಕದಲ್ಲೊಂದು ಸುಮೋ, ಹಿಂದೊಂದು ಬೊಲೆರೊ. ಬಣ್ಣ ಮಾಸಿರುತ್ತದೆ, ಬಾಗಿಲು ಎರಡು ಸಲ ಎಳೆದರೆ ಮಾತ್ರ ಹಾಕಿಕೊಳ್ಳುತ್ತದೆ. ಆದರೆ ಗಾಡಿ ಸ್ಟಾರ್ಟ್ ಆಗದ ದಿನ ಇಲ್ಲ.

ಈಗ ಈ ಗಾಡಿಗಳ ಮಾಲೀಕರಿಗೆ ತಲೆಬಿಸಿ ಶುರುವಾಗಿರೋದು ಎಂಜಿನ್‌ನಿಂದ ಅಲ್ಲ, ಆರ್‌ಸಿಯಿಂದ. ಹದಿನೈದು ವರ್ಷ ದಾಟಿದ ಸ್ವಂತ ಕಾರಿನ ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಕಾರು, ಜೀಪುಗಳಿಗೆ ಅದನ್ನು 10,000 ಮಾಡಿತು. ಬಿಡದಿಯಲ್ಲಿ ತಯಾರಾಗುತ್ತಿದ್ದ ಕ್ವಾಲಿಸ್ ಮಾರುಕಟ್ಟೆಗೆ ಬಂದದ್ದು 2000ದಲ್ಲಿ, ನಿಂತದ್ದು 2005ರಲ್ಲಿ. ಅಂದರೆ ರಸ್ತೆ ಮೇಲಿರೋ ಒಂದೊಂದು ಕ್ವಾಲಿಸ್ ಕೂಡ ಈಗ ಈ ಹತ್ತು ಸಾವಿರದ ಸಾಲಿನಲ್ಲೇ ಇದೆ.

ಇದರ ಜೊತೆ ವಾಟ್ಸಾಪ್‌ನಲ್ಲಿ ಹರಿದಾಡೋ ಮಾತು ಬೇರೆ. ಡೀಸೆಲ್ ಗಾಡಿಗೆ ಹತ್ತೇ ವರ್ಷ, ಆಮೇಲೆ ಸೀಜ್ ಮಾಡ್ತಾರೆ ಅಂತ. ಆ ಹತ್ತು ವರ್ಷದ ಲೆಕ್ಕ ದೆಹಲಿ ಮತ್ತು ಅದರ ಸುತ್ತಮುತ್ತಲಿನ ಪ್ರದೇಶದ್ದು. ಇಲ್ಲಿ ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು, ಅಷ್ಟೇ. ಹಳದಿ ಬೋರ್ಡಿನವರ ಕಥೆ ಬೇರೆ. ಎಂಟು ವರ್ಷ ದಾಟಿದ ಮೇಲೆ ಅವರು ಪ್ರತಿ ವರ್ಷ ಎಫ್‌ಸಿಗೆ ನಿಲ್ಲಬೇಕು, ಖರ್ಚೂ ಜಾಸ್ತಿ.

ಹತ್ತು ಸಾವಿರ ಅಂದ ಕೂಡಲೇ ಗುಜರಿಯವನಿಗೆ ಫೋನ್ ಮಾಡೋರಿದ್ದಾರೆ. ಒಂದು ಸಣ್ಣ ಲೆಕ್ಕ ಹಾಕಿದರೆ ಈ ಅವಸರ ಅರ್ಥವಾಗೋದಿಲ್ಲ. ಐದು ವರ್ಷಕ್ಕೆ ಹತ್ತು ಸಾವಿರ ಅಂದರೆ ತಿಂಗಳಿಗೆ 170 ರೂಪಾಯಿಯೂ ಆಗಲಿಲ್ಲ. ಹೊಸ ಗಾಡಿಗೆ 8 ಲಕ್ಷ ಸಾಲ ಮಾಡಿ, ಶೇ. 9.5 ಬಡ್ಡಿಯಲ್ಲಿ ಏಳು ವರ್ಷ ಕಟ್ಟಿದರೆ ತಿಂಗಳ ಕಂತು 13 ಸಾವಿರದ ಆಸುಪಾಸು. ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್, ಆಗಾಗ ಗ್ಯಾರೇಜ್ ಬಿಲ್ ಎಲ್ಲ ಸೇರಿಸಿದರೂ ಹಳೇ ಗಾಡಿಯೇ ಅಗ್ಗ. ಆದರೆ ಗಾಡಿ ಗಟ್ಟಿ ಇದ್ದರೆ ಮಾತ್ರ ಈ ಮಾತು. ಗಟ್ಟಿ ಇದೆಯೋ ಇಲ್ಲವೋ ಅನ್ನೋದನ್ನು ಮೀಟರ್ ಹೇಳೋದಿಲ್ಲ. ಕೇಬಲ್ ಮೇಲೆ ಓಡೋ ಮೀಟರ್ ಅದು. ಕೇಬಲ್ ತುಂಡಾಗಿ ಎರಡು ವರ್ಷ ನಿಂತಿದ್ದರೂ ಕೊಳ್ಳೋನಿಗೆ ಗೊತ್ತಾಗೋದಿಲ್ಲ.

ಕ್ವಾಲಿಸ್ ಡೀಸೆಲ್ ಎಂಜಿನ್‌ಗೆ ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಮೂರು ಲಕ್ಷ ಕಿಲೋಮೀಟರ್ ಅದಕ್ಕೆ ದೊಡ್ಡ ಮಾತಲ್ಲ. ಇಂಥ ಎಂಜಿನ್ ಸಾಯೋದು ಸಾಮಾನ್ಯವಾಗಿ ಓಡಿ ಓಡಿ ಅಲ್ಲ, ಹೀಟ್ ಆಗಿ. ಅದಕ್ಕೆ ಕಾರಣ ರೇಡಿಯೇಟರ್‌ಗೆ ಹಾಕೋ ನೀರು. ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪಾಚಿಯಂತೆ ಕಟ್ಟೋದನ್ನು ಎಲ್ಲರ ಮನೆಯಲ್ಲೂ ನೋಡಿರುತ್ತಾರೆ. ಅದೇ ರೇಡಿಯೇಟರ್ ಒಳಗಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಮೊದಮೊದಲು ಏರಿನಲ್ಲಿ ಮಾತ್ರ ಮುಳ್ಳು ಮೇಲೆ ಹೋಗುತ್ತದೆ, ಡ್ರೈವರ್ ನಿಲ್ಲಿಸಿ ಒಂದು ಬಾಟ್ಲಿ ನೀರು ಸುರಿದು ಮುಂದೆ ಹೋಗುತ್ತಾನೆ. ಒಂದು ದಿನ ಹೆಡ್ ಬಗ್ಗಿ ಗ್ಯಾಸ್ಕೆಟ್ ಹೋಗುತ್ತದೆ, ಇಲ್ಲವೇ ಹೆಡ್ಡೇ ಸೀಳು ಬಿಡುತ್ತದೆ. ಒಂದೆರಡು ಕ್ಯಾನ್ ಕೂಲಂಟ್ ಉಳಿಸಿ ಹೆಡ್ ಕೆಲಸಕ್ಕೆ ಸಾವಿರಗಟ್ಟಲೆ ಸುರಿಯೋದು ಅಂದರೆ ಇದೇ. ನೀರು ಇಳಿಯುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಹೋಸ್, ಕ್ಲಿಪ್, ವಾಟರ್ ಪಂಪ್, ರೇಡಿಯೇಟರ್ ಮುಚ್ಚಳ ನೋಡಿಸಬೇಕು.

ಎರಡನೆಯದು ಟೈಮಿಂಗ್ ಬೆಲ್ಟ್. ಲಕ್ಷ ಕಿಲೋಮೀಟರ್‌ಗೆ ಬದಲಿಸಬೇಕಾದ ರಬ್ಬರ್ ಪಟ್ಟಿ ಇದು. ಸದ್ದು ಮಾಡೋದಿಲ್ಲ, ಮುನ್ಸೂಚನೆ ಕೊಡೋದಿಲ್ಲ. ತುಂಡಾದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. ಹಳೇ ಗಾಡಿ ಕೊಂಡೋರು ಹಿಂದಿನ ಓನರ್ ಯಾವಾಗ ಬದಲಿಸಿದ್ದ ಅನ್ನೋದಕ್ಕೆ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲ ಅಂತಲೇ ಲೆಕ್ಕ.

ಆಯಿಲ್ ವಿಷಯ ಎಲ್ಲರಿಗೂ ಗೊತ್ತು, ಐದು ಸಾವಿರಕ್ಕೊಮ್ಮೆ ಬದಲಿಸಿದರೆ ಸಾಕು. ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್ ಮಾತ್ರ ಯಾರಿಗೂ ನೆನಪಿರೋದಿಲ್ಲ. ಜಾಯಿಂಟ್ ಶಾಫ್ಟ್ ಕ್ರಾಸ್‌ಗೆ ಗ್ರೀಸ್ ಗನ್ ಹಿಡಿಸೋರೂ ಕಡಿಮೆಯಾಗಿದ್ದಾರೆ. ಇನ್ನೊಂದು ಹಳೇ ಅಭ್ಯಾಸ: ವಾಟರ್ ಸರ್ವಿಸ್ ಆದ ಮೇಲೆ ತಳಕ್ಕೆಲ್ಲ ಡೀಸೆಲ್ ಸ್ಪ್ರೇ. ನೋಡಲು ಮಿರಮಿರ ಮಿಂಚುತ್ತದೆ, ಆದರೆ ಬುಷ್‌ನ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಆರು ತಿಂಗಳಲ್ಲಿ ಪಟ್ಟಾ ಬುಷ್ ಕಟಕಟ ಅಂದಾಗ ಬೈಸಿಕೊಳ್ಳೋದು ರಸ್ತೆ ಗುಂಡಿ.

ಕೊನೆಗೆ ಗಾಡಿಯ ಹಣೆಬರಹ ನಿರ್ಧರಿಸೋದು ತುಕ್ಕು. ಎಂಜಿನ್ ಬಿಚ್ಚಿ ಮತ್ತೆ ಕಟ್ಟಬಹುದು, ಚಾಸಿಸ್ ಕೊಳೆತರೆ ಏನೂ ಮಾಡೋಕಾಗಲ್ಲ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ ಕಂಡ ಗಾಡಿಯನ್ನು ಕೊಳ್ಳೋ ಮೊದಲು ಕೆಳಗೆ ಮಲಗಿ ಸ್ಕ್ರೂ ಡ್ರೈವರ್‌ನಿಂದ ಕುಟ್ಟಿ ನೋಡಬೇಕು. ನವೀಕರಣದ ವೇಳೆ ಚಾಸಿಸ್ ನಂಬರ್ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಆ ಜಾಗ ತುಕ್ಕು ತಿಂದು ಅಕ್ಷರ ಅಳಿಸಿಹೋಗಿದ್ದರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ಫೈಲ್ ಅಲ್ಲೇ ನಿಲ್ಲುತ್ತದೆ. ಈಗಲೇ ಉಜ್ಜಿ, ಗ್ರೀಸ್ ಸವರಿ ಇಟ್ಟುಕೊಂಡರೆ ಕೈಗೆ ಖರ್ಚಿಲ್ಲ.

ದಿನಾಂಕ ನೋಡಿಕೊಳ್ಳೋದೂ ಅಷ್ಟೇ ಮುಖ್ಯ. 2001ರಲ್ಲಿ ನೋಂದಣಿಯಾದ ಗಾಡಿಗೆ 2016, 2021ರಲ್ಲಿ ನವೀಕರಣ ಆಗಿದ್ದರೆ ಮುಂದಿನದು 2026. 2003ರದ್ದಾದರೆ 2028ರವರೆಗೆ ಉಸಿರಾಡಬಹುದು. ಅವಧಿ ಮುಗಿಯೋ 60 ದಿನ ಮೊದಲಿನಿಂದಲೇ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ತಡವಾದರೆ ಕಾರು, ಜೀಪಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ, ಅಂದರೆ ಒಂದು ವರ್ಷ ಮರೆತರೆ ಆರು ಸಾವಿರ.