ಬಸುರಿಯ ಊಟ ಎಷ್ಟಿರಬೇಕು?

ಸೊಸೆಗೆ ಮೂರು ತಿಂಗಳೆಂಬ ಸುದ್ದಿ ಮನೆಯಲ್ಲಿ ಹರಡಿತೆಂದರೆ ಆ ದಿನದಿಂದ ಅವಳ ಎಲೆ ಅವಳ ಸ್ವಂತದ್ದಾಗಿ ಉಳಿಯುವುದಿಲ್ಲ. ಅತ್ತೆಯವರು ಇನ್ನೊಂದು ಸೌಟು ಅನ್ನವನ್ನು ಬಡಿಸಿ, "ಈಗ ನೀನೊಬ್ಬಳೇ ಅಲ್ಲಮ್ಮ, ಎರಡು ಜೀವ. ಬೇಡವೆನ್ನಬಾರದು" ಎನ್ನುತ್ತಾರೆ. ತವರಿನಿಂದ ತುಪ್ಪದ ಡಬ್ಬಿ ಬರುತ್ತದೆ. ಬಯಕೆಯ ನೆಪದಲ್ಲಿ ನೆರೆಮನೆಯಿಂದ ಚಕ್ಕುಲಿ, ಕೋಡುಬಳೆ, ರವೆ ಉಂಡೆ ಬರುತ್ತವೆ. ಅದೇ ಮನೆಯ ನಡುಮನೆಯಲ್ಲಿ ಕುಳಿತ ಅಜ್ಜಿಯವರದು ಬೇರೆಯೇ ರಾಗ: "ಹಾಗೆ ತುಂಬಿ ತುಂಬಿ ತಿನ್ನಿಸಬೇಡಿರೇ. ಕೂಸು ಬೆಳೆದುಬಿಟ್ಟರೆ ಹೆರಿಗೆಯಲ್ಲಿ ಹುಡುಗಿ ನರಳಬೇಕಾದೀತು." ಇಬ್ಬರೂ ಪ್ರೀತಿಯಿಂದಲೇ ನುಡಿಯುವವರು. ಇಬ್ಬರ ಮಾತನ್ನೂ ಮೀರಲಾರದ ಹುಡುಗಿ ಒಂದು ಹೊತ್ತು ಹೊಟ್ಟೆ ಬಿರಿಯುವಂತೆ ಉಂಡು, ಮರುಹೊತ್ತು ಭಯದಿಂದ ಅರೆಹೊಟ್ಟೆಯಲ್ಲಿ ಏಳುತ್ತಾಳೆ.

ಅಜ್ಜಿಯ ಮಾತನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವುದು ಅನ್ಯಾಯ. ವೈದ್ಯರ ನೆರವಿಲ್ಲದ ಕಾಲದಲ್ಲಿ ಮಗು ಹಾದಿಯಲ್ಲಿ ಸಿಕ್ಕಿಕೊಂಡಿತೆಂದರೆ ತಾಯಿ ಮಕ್ಕಳಿಬ್ಬರ ಆಸೆಯನ್ನೂ ಬಿಡಬೇಕಾಗಿತ್ತು. ಸಣ್ಣ ಕೂಸು ಸುಲಭವಾಗಿ ಹುಟ್ಟೀತೆಂಬ ಎಣಿಕೆ ಆ ಭಯದಿಂದ ಮೂಡಿದ್ದು. ದೊಡ್ಡ ದೊಡ್ಡ ವೈದ್ಯರೂ ಇದೇ ಹಾದಿಯನ್ನು ತುಳಿದವರೇ. ಜರ್ಮನಿಯ ಪ್ರೋಖೊವ್ನಿಕ್ ಎಂಬ ವೈದ್ಯನು 1889ರಲ್ಲಿ, ಇಕ್ಕಟ್ಟಾದ ಕಟಿಯುಳ್ಳ ಗರ್ಭಿಣಿಯರಿಗೆ ಪಿಷ್ಟವನ್ನೂ ದ್ರವವನ್ನೂ ಕಡಿಮೆ ಮಾಡಿದ ಪಥ್ಯವನ್ನು ವಿಧಿಸಿದನು. ಕಟಿ ಸರಿಯಾಗಿದ್ದವರಿಗೂ ಆಹಾರವನ್ನು ಬಿಗಿಹಿಡಿಯುವ ರೂಢಿ ಅನಂತರ ಬಹುಕಾಲ ನಡೆಯಿತು. ಅಮೆರಿಕೆಯಲ್ಲಂತೂ 1960ರ ದಶಕದವರೆಗೂ ಬಸುರಿಯ ತೂಕ 7-9 ಕಿಲೋಗಿಂತ ಏರಕೂಡದೆಂದು ಗದರಿಸುವ ವೈದ್ಯರಿದ್ದರು. 1970ರಲ್ಲಿ ಅಲ್ಲಿಯ ತಜ್ಞರ ಸಮಿತಿಯೊಂದು ಈ ಬಿಗಿಯನ್ನು ಸಡಿಲಿಸಿತು.

ಅರೆಹೊಟ್ಟೆಯ ಫಲವೇನೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಯುದ್ಧ. 1944-45ರ ಚಳಿಗಾಲದಲ್ಲಿ ಜರ್ಮನ್ ಸೈನ್ಯವು ಹಾಲೆಂಡಿನ ಪಶ್ಚಿಮ ನಗರಗಳಿಗೆ ಆಹಾರ ಸಾಗದಂತೆ ತಡೆಯಿತು. ಒಬ್ಬೊಬ್ಬರಿಗೆ ದಿನಕ್ಕೆ 1000 ಕ್ಯಾಲೊರಿಗಿಂತಲೂ ಕಡಿಮೆ ಪಡಿ. ಆ ತಿಂಗಳುಗಳಲ್ಲಿ ತುಂಬು ಬಸುರಿಯರಾಗಿದ್ದವರ ಮಕ್ಕಳು ಸುಮಾರು 300 ಗ್ರಾಂ ಕಡಿಮೆ ತೂಗಿದರು. ವಿಷಯ ಅಲ್ಲಿಗೇ ಮುಗಿಯಲಿಲ್ಲ. ಗರ್ಭದಲ್ಲಿ ಹಸಿವನ್ನು ಉಂಡ ಆ ಮಕ್ಕಳು ಐವತ್ತರ ವಯಸ್ಸಿಗೆ ಬಂದಾಗ ಅವರ ದೇಹ ಸಕ್ಕರೆಯನ್ನು ನಿಭಾಯಿಸುವುದರಲ್ಲಿ ಸೋಲುತ್ತಿತ್ತು.

ಇದಕ್ಕೆ ಹಾಲೆಂಡಿನವರೆಗೆ ಹೋಗಬೇಕಾದುದೇ ಇಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಹಳೆಯ ಪುಸ್ತಕಗಳನ್ನು ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸನ್ನು ತಲಪಿದ್ದ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿ ಪರೀಕ್ಷಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು. ಅಜ್ಜಿಯವರು ಬಯಸಿದ ಸಣ್ಣ ಕೂಸಿನ ಕಥೆ ಇದು. ಎರಡನೆಯ ಶೋಧನೆ ಅತ್ತೆಯವರ ಸೌಟಿಗೆ ಸಂಬಂಧಿಸಿದ್ದು. ಮಧುಮೇಹ ಹೆಚ್ಚಾಗಿದ್ದುದು, ಹುಟ್ಟುವಾಗ ಗಿಡ್ಡವಾಗಿ ದುಂಡಗಿದ್ದವರಲ್ಲಿ. ಅವರ ತಾಯಂದಿರು ಉಳಿದವರಿಗಿಂತ ಹೆಚ್ಚು ತೂಕದವರಾಗಿದ್ದರು. ಒಂದೇ ಊರಿನ ಒಂದೇ ಆಸ್ಪತ್ರೆಯ ದಾಖಲೆಯಲ್ಲಿ ಎರಡು ಅತಿಗಳಿಗೂ ಸಾಕ್ಷಿ ದೊರೆಯಿತು.

ಹಾಗಾದರೆ ಲೆಕ್ಕವೇನು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, 55 ಕಿಲೋ ತೂಕದ, ಹೆಚ್ಚು ಮೈ ದಣಿಸದ ಹೆಂಗಸಿಗೆ ದಿನಕ್ಕೆ ಸುಮಾರು 1660 ಕ್ಯಾಲೊರಿ ಬೇಕು. ಗರ್ಭಿಣಿಗೆ ಇದರ ಮೇಲೆ ಬೇಕಾದುದು 350 ಮಾತ್ರ. ಎಂದರೆ ಮಾಮೂಲು ಊಟದ ಐದರಲ್ಲೊಂದು ಪಾಲು, ಇನ್ನೊಬ್ಬರ ಊಟವಲ್ಲ. ಒಂದು ಲೋಟ ಹಾಲು, ಒಂದು ಬಾಳೆಯ ಹಣ್ಣು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ: ಇಷ್ಟಾದರೆ ಆ 350 ಹೆಚ್ಚುಕಡಿಮೆ ಸಂದಂತೆಯೇ. ಮೊದಲ ಮೂರು ತಿಂಗಳಲ್ಲಿ ಇಷ್ಟರ ಅಗತ್ಯವೂ ಇಲ್ಲ. ಆಗ ಗರ್ಭಸ್ಥ ಶಿಶುವಿನ ತೂಕ ಗ್ರಾಂಗಳ ಲೆಕ್ಕದ್ದು. ಓಕರಿಕೆಯಿಂದ ತತ್ತರಿಸುವ ಹುಡುಗಿಗೆ ಬಲವಂತದಿಂದ ತುರುಕಿದ ಅನ್ನ ಮೈಗೆ ಹತ್ತುವುದೂ ಇಲ್ಲ. ಬೆಳಗ್ಗೆ ಎದ್ದೊಡನೆ ಎರಡು ಒಣ ರಸ್ಕು, ಎರಡೆರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ಆಹಾರ, ಇದೇ ಆಗಿನ ಪಥ್ಯ. ನೀರೂ ನಿಲ್ಲದಷ್ಟು ವಾಂತಿಯಾದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ತೂಕದ ವಿಷಯದಲ್ಲಿ ಎಲ್ಲರಿಗೂ ಒಂದೇ ಅಳತೆಯಲ್ಲ. ಅಮೆರಿಕೆಯ ವೈದ್ಯಕೀಯ ಸಂಸ್ಥೆಯೊಂದು 2009ರಲ್ಲಿ ಹೇಳಿದ ಲೆಕ್ಕವು ಈಗ ಬಹುಕಡೆ ಬಳಕೆಯಲ್ಲಿದೆ. 155 ಸೆಂಟಿಮೀಟರ್ ಎತ್ತರದ ಮೂವರು ಸೋದರಿಯರನ್ನು ಎಣಿಸಿಕೊಳ್ಳೋಣ. ಬಸುರಿಯಾಗುವ ಮುನ್ನ 50 ಕಿಲೋ ಇದ್ದವಳು ಒಂಬತ್ತು ತಿಂಗಳಲ್ಲಿ 11.5ರಿಂದ 16 ಕಿಲೋ ಏರಬಹುದು. 42 ಕಿಲೋ ಇದ್ದ ಬಡಕಲು ತಂಗಿಗೆ 12.5ರಿಂದ 18 ಬೇಕು. 65 ಕಿಲೋ ತೂಗುತ್ತಿದ್ದ ಅಕ್ಕನಿಗೆ 7ರಿಂದ 11.5 ಸಾಕು. ನಮ್ಮ ದೇಶದ ವೈದ್ಯರು ಸಾಧಾರಣ ಮೈಕಟ್ಟಿನವರಿಗೆ 10ರಿಂದ 12 ಕಿಲೋ ಎನ್ನುವುದುಂಟು. ಈ ತೂಕವೆಲ್ಲ ಕೊಬ್ಬೆಂದು ಅಂಜುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು: ಮಗು ಸುಮಾರು 3 ಕಿಲೋ, ಮಾಸು ಅರ್ಧ ಕಿಲೋಗಿಂತ ಹೆಚ್ಚು, ಗರ್ಭಜಲ ಮುಕ್ಕಾಲು, ಗರ್ಭಕೋಶ ಒಂದು; ಹೆಚ್ಚಿದ ರಕ್ತವೇ ಒಂದೂಕಾಲು ಕಿಲೋ; ಮೈಯ ನೀರು ಬೇರೆ. ಉಳಿದ ಮೂರು ಕಿಲೋ ಕೊಬ್ಬು ಹಾಲೂಡಿಸುವ ಕಾಲಕ್ಕೆಂದು ಪ್ರಕೃತಿ ಕೂಡಿಟ್ಟ ಗಂಟು. ಆದರೆ ಒಂದೇ ವಾರದಲ್ಲಿ ತೂಕ ಧಿಗ್ಗನೆ ಏರಿ ಮುಖ, ಕೈ ಊದಿಕೊಂಡರೆ ಅದು ಊಟದ ಫಲವಲ್ಲ. ರಕ್ತದ ಒತ್ತಡವನ್ನು ಕೂಡಲೇ ಪರೀಕ್ಷಿಸಬೇಕು.

ಎಷ್ಟು ಎಂಬ ಪ್ರಶ್ನೆಯಲ್ಲೇ ಮನೆಮಂದಿ ಮುಳುಗಿದಾಗ ಏನು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಪುಣೆಯ ಸುತ್ತಣ ಆರು ಹಳ್ಳಿಗಳಲ್ಲಿ 1990ರ ದಶಕದಲ್ಲಿ ಬಸುರಿಯರ ಆಹಾರವನ್ನು ಅಳೆದು ನೋಡಿದವರಿಗೆ ಆಶ್ಚರ್ಯ ಕಾದಿತ್ತು. ಒಟ್ಟು ಎಷ್ಟು ಕ್ಯಾಲೊರಿ ಉಂಡಳೆಂಬುದಕ್ಕೂ ಮಗುವಿನ ಗಾತ್ರಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಹಾಲು, ಸೊಪ್ಪು, ಹಣ್ಣುಗಳನ್ನು ಹೆಚ್ಚುಸಲ ತಿಂದವರ ಮಕ್ಕಳು ಮಾತ್ರ ಮೈತುಂಬಿಕೊಂಡು ಹುಟ್ಟಿದ್ದರು. ಇನ್ನೊಂದು ಸೌಟು ಅನ್ನಕ್ಕಿಂತ ಒಂದು ಬಟ್ಟಲು ನುಗ್ಗೆಸೊಪ್ಪಿನ ಪಲ್ಯ ಬೆಲೆಯುಳ್ಳದ್ದೆನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಹೆಚ್ಚು ಪ್ರೋಟೀನು ಬೇಕು. ಅರ್ಧ ಲೀಟರ್ ಹಾಲು ಮೊಸರು, ತೊವ್ವೆ, ಮೊಳಕೆ ಹೆಸರುಕಾಳಿನ ಉಸಲಿ, ತಿನ್ನುವವರಿಗೆ ಮೊಟ್ಟೆ, ಇವುಗಳಿಂದ ಅದು ಸಲ್ಲುತ್ತದೆ, ಕೋಡುಬಳೆಯಿಂದಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿರುತ್ತದೆ. ಅಕ್ಕಿ ಅದರ ಹತ್ತಿರಕ್ಕೂ ಬಾರದು. ನಗರಕ್ಕೆ ಬಂದು ಮುದ್ದೆಯನ್ನು ಮರೆತ ಮನೆಗಳು ಬಸುರಿಗಾಗಿಯಾದರೂ ರಾಗಿ ಅಂಬಲಿಯನ್ನೋ ರೊಟ್ಟಿಯನ್ನೋ ಮತ್ತೆ ಒಳಕ್ಕೆ ಕರೆಯಬಹುದು.

ರಕ್ತಹೀನತೆಯ ವಿಷಯ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರಕ್ತಹೀನರೆಂದು ತಿಳಿದುಬಂದಿತು. 1928ರಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆಯು ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ಬಿಳಚಿಕೊಂಡ ಮುಖಗಳನ್ನು ಕಂಡು, ಕಾರಣ ಅವರ ಊಟದಲ್ಲಿದೆಯೆಂದು ಊಹಿಸಿದಳು. ಮಾರ್ಮೈಟ್ ಎಂಬ ಯೀಸ್ಟಿನ ಸಾರವನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. ಆ ಸಾರದಲ್ಲಿದ್ದ ವಸ್ತು ಯಾವುದೆಂಬುದು ಮುಂದೆ ತಿಳಿಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಈಗ ಅದನ್ನು ಕಬ್ಬಿಣದೊಡನೆ ಕೂಡಿಸಿ, ನಾಲ್ಕನೆಯ ತಿಂಗಳಿನಿಂದ 180 ದಿನ ದಿನಕ್ಕೊಂದು ಮಾತ್ರೆಯಂತೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಮಲ ಕಪ್ಪಾಯಿತೆಂದು ಹೆದರಿ ಅದನ್ನು ಕಿಟಕಿಯಾಚೆ ಎಸೆಯುವವರಿದ್ದಾರೆ. ಅದು ಕಬ್ಬಿಣದ ಬಣ್ಣ, ಅಷ್ಟೆ. ಮಾತ್ರೆಯನ್ನು ಕಾಫಿಯ ಜೊತೆಗೆ ನುಂಗಿದರೆ ಮಾತ್ರ ಅದರ ಬಹುಪಾಲು ವ್ಯರ್ಥ. ನಿಂಬೆಯ ಪಾನಕದೊಡನೆಯೋ ನೆಲ್ಲಿಕಾಯಿಯ ಚೂರಿನೊಡನೆಯೋ ತೆಗೆದುಕೊಳ್ಳುವುದು ಲೇಸು. ಕಾಫಿಯನ್ನು ಪೂರ್ತಿ ಬಿಡಬೇಕಾದುದಿಲ್ಲ. ದಿನಕ್ಕೆ ಎರಡು ಸಣ್ಣ ಲೋಟ, ಅದೂ ಊಟದಿಂದ ಒಂದೆರಡು ಗಂಟೆ ದೂರವಾಗಿ. ಪರಂಗಿಕಾಯಿಯನ್ನು ದೂರವಿಡುವ ಹಿರಿಯರ ಎಚ್ಚರದಲ್ಲಿ ಅರ್ಥವುಂಟು, ಹಸಿಕಾಯಿಯ ಹಾಲು ಒಳ್ಳೆಯದಲ್ಲ. ಚೆನ್ನಾಗಿ ಹಣ್ಣಾದುದರಿಂದ ತೊಂದರೆಯಿಲ್ಲ. ಕೇಸರಿಯ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆಂಬುದು ಮಾತ್ರ ಅಂಗಡಿಯವನಿಗೆ ಲಾಭದ ನಂಬಿಕೆ.

ಯಾವ ಪಟ್ಟಿಯಲ್ಲಿಯೂ ಬರೆಯದ ಒಂದು ಸಂಗತಿಯುಂಟು. ಅನೇಕ ಮನೆಗಳಲ್ಲಿ ಸೊಸೆ ಊಟಕ್ಕೆ ಕುಳಿತುಕೊಳ್ಳುವುದು ಎಲ್ಲರೂ ಎದ್ದ ಮೇಲೆ. ಆ ಹೊತ್ತಿಗೆ ಅನ್ನ ಬೇಕಾದಷ್ಟಿರುತ್ತದೆ. ಪಲ್ಯದ ಬಾಣಲೆ ಬರಿದಾಗಿರುತ್ತದೆ, ಹಾಲು ಮಾವನವರ ಕಾಫಿಗೆ ಮುಗಿದಿರುತ್ತದೆ. ಎರಡು ಜೀವಕ್ಕೆ ಉಣ್ಣಬೇಕೆಂದು ದಿನಕ್ಕೆ ಹತ್ತು ಸಲ ಹೇಳುವವರು ಅವಳ ಪಾಲಿನ ಪಲ್ಯವನ್ನೂ ಒಂದು ಲೋಟ ಹಾಲನ್ನೂ ಮೊದಲೇ ಎತ್ತಿಟ್ಟರೆ, ಕ್ಯಾಲೊರಿಯ ಲೆಕ್ಕವನ್ನು ಅರಿಯದಿದ್ದರೂ ನಡೆದೀತು. ಶನಿವಾರ, ಏಕಾದಶಿಗಳ ಉಪವಾಸವನ್ನೂ ಒಂಬತ್ತು ತಿಂಗಳು ಹಿರಿಯರೇ ಅವಳ ಪರವಾಗಿ ಮಾಡಬಹುದು.

ಹೆರಿಗೆಯಾದೊಡನೆ ಇದೆಲ್ಲ ತಲೆಕೆಳಗಾಗುವುದೊಂದು ವಿಚಿತ್ರ. ಮಗುವಿಗೆ ಹಾಲೂಡಿಸುವ ಮೊದಲ ಆರು ತಿಂಗಳು ತಾಯಿಗೆ ಬೇಕಾದ ಹೆಚ್ಚಿನ ಆಹಾರ 600 ಕ್ಯಾಲೊರಿ, ಬಸುರಿಗೆ ಬೇಕಾದುದಕ್ಕಿಂತ ಎಷ್ಟೋ ಅಧಿಕ. ಆದರೆ ಅದೇ ಅಡಿಗೆಮನೆಯಲ್ಲಿ ಆಗ ಪಥ್ಯ ಕಾಲಿಡುತ್ತದೆ: ಮೆಣಸಿನ ಸಾರು, ಅನ್ನ, ಅಳೆದು ಕೊಡುವ ನೀರು, ಸೊಪ್ಪು ಶೀತ, ಮೊಸರು ಶೀತ, ಹಣ್ಣು ಶೀತ. ಮೂರನೆಯ ತಿಂಗಳಲ್ಲಿ ಬೇಡಬೇಡವೆಂದರೂ ಬಡಿಸಿದ ಆ ಇನ್ನೊಂದು ಸೌಟನ್ನು ಅವಳು ನಿಜವಾಗಿ ಹಸಿದು ಕೇಳುವುದು ಆಗ.