ಮುಖದ ನರಕ್ಕೊಂದು ಕಾವಲು

ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಗಂಟೊಂದು ಕಾಣಿಸಿಕೊಂಡರೆ ನಮ್ಮ ಹಳ್ಳಿಗಳಲ್ಲಿ ಮೊದಲು ನೆನಪಾಗುವುದು ಮಂಗನಬಾವು. ಆದರೆ ಮಂಗನಬಾವು ಜ್ವರ, ನೋವಿನೊಂದಿಗೆ ಬಂದು ಒಂದೆರಡು ವಾರಗಳಲ್ಲಿ ಇಳಿದುಹೋಗುತ್ತದೆ. ನೋವಿಲ್ಲದೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಗಂಟು ಕೆನ್ನೆಯ ಜೊಲ್ಲುಗ್ರಂಥಿಯ ಗಡ್ಡೆಯಾಗಿರಬಹುದು. ಅದಕ್ಕೆ ಲೇಪವೂ ಇಲ್ಲ, ಮಾತ್ರೆಯೂ ಇಲ್ಲ; ಶಸ್ತ್ರಚಿಕಿತ್ಸೆಯೇ ದಾರಿ. ಶಿರಸಿ ತಾಲ್ಲೂಕಿನ ದಾಸನಕೊಪ್ಪದಂಥ ಊರಿನಿಂದ ಅದಕ್ಕಾಗಿ ಹೊರಡುವ ರೋಗಿ ಖರ್ಚೆಷ್ಟು, ಎಷ್ಟು ದಿನ ಎಂದು ವಿಚಾರಿಸುತ್ತಾನೆ. ಗಡ್ಡೆ ತೆಗೆದ ಮೇಲೆ ಮುಖ ಮೊದಲಿನಂತೆ ಉಳಿದೀತೇ ಎಂದು ಕೇಳಬೇಕೆಂಬುದು ಬಹುಮಂದಿಗೆ ಗೊತ್ತೇ ಇರುವುದಿಲ್ಲ.

ಮುಖದ ಸ್ನಾಯುಗಳನ್ನು ಆಡಿಸುವುದು ಮಿದುಳಿನಿಂದ ಹೊರಡುವ ಏಳನೆಯ ನರ. ಕಿವಿಯ ಹಿಂದಿನ ಎಲುಬಿನ ಸಣ್ಣ ರಂಧ್ರದಿಂದ ಹೊರಬಂದು ಅದು ನೇರವಾಗಿ ಈ ಗ್ರಂಥಿಯೊಳಕ್ಕೆ ನುಗ್ಗುತ್ತದೆ. ಅಲ್ಲಿ ಮರದ ಕೊಂಬೆಯಂತೆ ಕವಲೊಡೆದು ಹಣೆ, ಕಣ್ಣು, ಕೆನ್ನೆ, ಕೆಳತುಟಿ, ಕುತ್ತಿಗೆಗಳತ್ತ ಐದು ಮುಖ್ಯ ಶಾಖೆಗಳಾಗಿ ಸಾಗುತ್ತದೆ. ಗಡ್ಡೆಯನ್ನು ತೆಗೆಯುವುದೆಂದರೆ ದಾರದಷ್ಟು ತೆಳುವಾದ ಈ ಕವಲುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋಗುವುದು. ಇಲ್ಲಿನ ಗಡ್ಡೆಗಳಲ್ಲಿ ಸುಮಾರು ಶೇ 80ರಷ್ಟು ಕ್ಯಾನ್ಸರ್ ಅಲ್ಲದವು ಎಂಬುದು ಸಮಾಧಾನದ ಸಂಗತಿ. ಆದರೆ ಜೀವಕ್ಕೆ ಅಪಾಯವಿಲ್ಲದ ಗಡ್ಡೆಯನ್ನು ತೆಗೆಯಲು ಹೋಗಿ ಮುಖವನ್ನೇ ಕಳೆದುಕೊಂಡರೆ ಆ ನಷ್ಟ ಇನ್ನಷ್ಟು ಕಹಿ.

ಇದು ಬರಿಯ ಅಂದಚೆಂದದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನರ ಸೋತರೆ ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣು ಒಣಗಿ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಬಹುದು. ಕುಡಿದ ನೀರು ಬಾಯಿಯ ಅಂಚಿನಿಂದ ಸೋರುತ್ತದೆ. ನಕ್ಕರೆ ತುಟಿ ಒಂದೇ ಕಡೆಗೆ ಎಳೆಯುತ್ತದೆ. ಯಕ್ಷಗಾನದ ಈ ನಾಡಿನಲ್ಲಿ ಹುಬ್ಬಿನ ಒಂದು ಚಲನೆಗೆ ಏನು ಬೆಲೆಯೆಂದು ಹೇಳಿಕೊಡಬೇಕಿಲ್ಲ. ವೇಷ ಕಟ್ಟದವರಿಗೂ ಮದುವೆಮನೆಯ ಪಂಕ್ತಿಯಲ್ಲಿ ಸಂಕೋಚವಿಲ್ಲದೆ ಊಟಕ್ಕೆ ಕೂರುವುದು ದೊಡ್ಡ ವಿಷಯವೇ.

ಈ ನರವನ್ನು ಶಸ್ತ್ರಚಿಕಿತ್ಸೆಯುದ್ದಕ್ಕೂ ಕಾಯಲು ಒಂದು ಉಪಕರಣವಿದೆ. ರೋಗಿಗೆ ಅರಿವಳಿಕೆ ನೀಡಿದ ಬಳಿಕ ಕಣ್ಣು, ತುಟಿಗಳ ಸುತ್ತಲಿನ ಸ್ನಾಯುಗಳಿಗೆ ಸೂಜಿಯಂಥ ಎಲೆಕ್ಟ್ರೋಡ್‌ಗಳನ್ನು ಚುಚ್ಚುತ್ತಾರೆ. ಶಸ್ತ್ರವೈದ್ಯರ ಕೈಯಲ್ಲಿನ ಸಲಕರಣೆ ನರವನ್ನು ಎಳೆದರೆ ಅಥವಾ ಒತ್ತಿದರೆ ಸ್ನಾಯು ಮಿಡಿಯುತ್ತದೆ, ಯಂತ್ರ ಸದ್ದು ಮಾಡಿ ಎಚ್ಚರಿಸುತ್ತದೆ. ಕಂಡದ್ದು ನರವೋ ಬರಿಯ ಎಳೆಯೋ ಎಂಬ ಅನುಮಾನ ಬಂದಾಗ ಸಣ್ಣ ಕಡ್ಡಿಯಿಂದ ಅತ್ಯಲ್ಪ ವಿದ್ಯುತ್ ಹರಿಸಿ ಪರೀಕ್ಷಿಸಬಹುದು. ಸ್ನಾಯುಗಳನ್ನು ಸಡಿಲಿಸುವ ಔಷಧದ ಪ್ರಭಾವ ಉಳಿದಿದ್ದರೆ ಯಂತ್ರ ಮೂಕವಾಗುತ್ತದೆ. ಆದ್ದರಿಂದ ಅರಿವಳಿಕೆ ವೈದ್ಯರೂ ಈ ಕಾವಲಿನ ಪಾಲುದಾರರು.

ಯಂತ್ರದ ಬಗ್ಗೆ ಅತಿಯಾದ ಭರವಸೆಯೂ ಬೇಡ. ಹಲವು ಅಧ್ಯಯನಗಳ 546 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಶಸ್ತ್ರಚಿಕಿತ್ಸೆಯ ಬೆನ್ನಿಗೇ ಮುಖ ಸೋತವರ ಪ್ರಮಾಣ ಯಂತ್ರ ಬಳಸಿದಾಗ ಶೇ 22.5, ಬಳಸದಿದ್ದಾಗ ಶೇ 34.9. ಶಾಶ್ವತ ಸೋಲಿನಲ್ಲಿಯೂ ವ್ಯತ್ಯಾಸ ಕಂಡಿತಾದರೂ (ಶೇ 3.9 ಮತ್ತು ಶೇ 7.1) ಅದು ಯಂತ್ರದ್ದೇ ಫಲವೆಂದು ಖಚಿತವಾಗಿ ಹೇಳುವಷ್ಟು ಸಂಖ್ಯಾಬಲ ಇರಲಿಲ್ಲ. ಅಂದರೆ ಅಂಗರಚನೆಯನ್ನು ಬಲ್ಲ, ಪಳಗಿದ ಕೈಗೆ ಇದು ನೆರವು. ಪಳಗದ ಕೈಯನ್ನು ಇದು ಪಳಗಿಸದು. ಆದರೂ ಬಹುಪಾಲು ತಾತ್ಕಾಲಿಕವಾದ ಆ ಸೋಲು ವಾಸಿಯಾಗುವ ವಾರಗಳು, ತಿಂಗಳುಗಳು ಕೂಲಿ ಮಾಡಿ ಉಣ್ಣುವವರಿಗೆ ಚಿಕ್ಕವಲ್ಲ. ಹಿಂದೆ ತೆಗೆದ ಗಡ್ಡೆ ಮತ್ತೆ ಬೆಳೆದು ಎರಡನೆಯ ಬಾರಿ ಕತ್ತರಿಸಬೇಕಾದಾಗ, ಕಲೆಗಟ್ಟಿದ ಮಾಂಸದ ನಡುವೆ ನರವನ್ನು ಹುಡುಕಲು ಈ ನೆರವು ಇನ್ನೂ ಹೆಚ್ಚು ಬೇಕಾಗುತ್ತದೆ.

ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ 2019ರಲ್ಲಿ ದನಿಯೆತ್ತಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್ ಬಳಿ ಉರುಳಿ ನಾಲ್ವರು ಸತ್ತ ಮೇಲೆ ಆ ಕೂಗು ಮತ್ತೆ ಎದ್ದಿತು. ತುರ್ತುಚಿಕಿತ್ಸೆಯ ಆ ಬೇಡಿಕೆ ನ್ಯಾಯವಾದುದು. ಆದರೆ ಜೊಲ್ಲುಗ್ರಂಥಿಯ ಗಡ್ಡೆಗೆ ಸಾಮಾನ್ಯವಾಗಿ ಅವಸರವಿಲ್ಲ. ಶಿರಸಿಯಿಂದ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಬರಲು ಸಮಯವಿದೆ. ಇಲ್ಲದಿರುವುದು ಮಾಹಿತಿ. ಸೂಜಿಪರೀಕ್ಷೆಯನ್ನೂ ಸ್ಕ್ಯಾನಿಂಗ್ ಅನ್ನೂ ಮಾಡಿಸದೆ, ಹತ್ತಿರದಲ್ಲಿ ಸಿಕ್ಕವರ ಕೈಯಲ್ಲಿ ಗಂಟನ್ನು ‘ಸಣ್ಣ ಆಪರೇಷನ್’ ಎಂದು ಕೊಯ್ಯಿಸಿಕೊಳ್ಳುವುದೇ ಇಲ್ಲಿ ದೊಡ್ಡ ಅಪಾಯ. ಅರ್ಧಂಬರ್ಧ ತೆಗೆದ, ಕೋಶ ಒಡೆದ ಗಡ್ಡೆ ಹಲವು ಗಂಟುಗಳಾಗಿ ಮರಳಬಹುದು.

ಸರ್ಕಾರ ಮಾಡಬೇಕಾದುದು ಇಷ್ಟು. ಹುಬ್ಬಳ್ಳಿ, ಕಾರವಾರಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಈ ಉಪಕರಣವೂ ಅದನ್ನು ಬಳಸಬಲ್ಲ ಸಿಬ್ಬಂದಿಯೂ ಸದಾ ಇರುವಂತೆ ನೋಡಿಕೊಳ್ಳಬೇಕು. ಕಿವಿಯ ಶಸ್ತ್ರಚಿಕಿತ್ಸೆಗೂ ಇದೇ ತಂತ್ರ ನೆರವಾಗುವುದರಿಂದ ವೆಚ್ಚ ವ್ಯರ್ಥವಾಗದು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನೀಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಶಸ್ತ್ರಚಿಕಿತ್ಸೆಯ ದರ ನಿಗದಿಪಡಿಸುವಾಗ ಎಲೆಕ್ಟ್ರೋಡ್‌ಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಮುಖದ ನರದ ಅಪಾಯವನ್ನು ಅದರಲ್ಲಿ ಬಿಡಿಸಿ ಹೇಳಬೇಕು.

ರೋಗಿಗೂ ಒಂದು ಹೊಣೆಯಿದೆ. ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಬೇಕು: ಈ ಶಸ್ತ್ರಚಿಕಿತ್ಸೆಯನ್ನು ನೀವು ಎಷ್ಟು ಬಾರಿ ಮಾಡಿದ್ದೀರಿ? ನರವನ್ನು ಕಾಯುವ ಯಂತ್ರ ಬಳಸುತ್ತೀರಾ? ಮುಖ ಸೋತರೆ ಮುಂದೇನು? ಇವುಗಳಿಗೆ ಸಿಟ್ಟಾಗದೆ ಉತ್ತರಿಸುವ ವೈದ್ಯರಲ್ಲಿ ವಿಶ್ವಾಸವಿಡಬಹುದು. ದಾಸನಕೊಪ್ಪದವರು ಕೇಳಿದರೂ ಬೆಂಗಳೂರಿನವರು ಕೇಳಿದರೂ ದೊರೆಯುವ ಉತ್ತರ ಒಂದೇ ಆಗಿರಬೇಕು.