ಓದುವವರೊಬ್ಬರು

ನಮ್ಮ ಶಾಲೆಯ ಕೈಬರಹದ ಪತ್ರಿಕೆಯನ್ನು ನಿಲ್ಲಿಸಿ, ಅಚ್ಚಿನ ವಾರ್ಷಿಕ ಸಂಚಿಕೆಯೊಂದನ್ನೇ ಏಕೆ ಉಳಿಸಿಕೊಳ್ಳಬಾರದೆಂದು ಮಾತಾಪಿತೃಗಳಲ್ಲಿ ಕೆಲವರು ಕೇಳುತ್ತಿರುವರು. ಇರುವುದು ಒಂದೇ ಪ್ರತಿ, ಅದೂ ವಾಚನಾಲಯದ ಮೇಜಿನ ಮೇಲೆ. ಅದನ್ನು ಎಷ್ಟು ಮಂದಿ ಓದಿಯಾರು? ಪ್ರಶ್ನೆಯೇನೋ ನ್ಯಾಯವಾದುದೇ. ಹದಿನಾಲ್ಕು ಮಂದಿ ಓದಿದರೆ ಹೆಚ್ಚು. ಆದರೂ ಅದು ನಿಲ್ಲಕೂಡದೆಂದೇ ನನ್ನ ಅಭಿಪ್ರಾಯ.

ಆ ಪತ್ರಿಕೆಯ ಕೊನೆಯಲ್ಲಿ ಕೆಲವು ಹಾಳೆಗಳನ್ನು ಬರಿದಾಗಿ ಬಿಟ್ಟಿರುವೆವು. ಓದಿದವರು ತಮಗೆ ತೋರಿದುದನ್ನು ಅಲ್ಲಿ ಬರೆಯಬಹುದು. ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ತನ್ನ ಅಜ್ಜಿಯು ಹಲಸಿನ ಹಪ್ಪಳ ಮಾಡುವ ಬಗೆಯನ್ನು ಬರೆದಿದ್ದಳು. 'ನಮ್ಮ ಮನೆಯ ಹಪ್ಪಳ ಕರಿಯುವಾಗ ಕೆಂಪಾಗುತ್ತದೆ, ನಿಮ್ಮದು ಆಗುವುದಿಲ್ಲವೇ?' ಎಂದು ಯಾರೋ ಕೇಳಿದರು. ಹುಡುಗಿ ಅಜ್ಜಿಯನ್ನು ವಿಚಾರಿಸಿದಳು. ಕಾಯಿ ಬಲಿತಿರಬೇಕು, ಹಣ್ಣಾಗತೊಡಗಿರಬಾರದು. ಸಿಹಿ ಸೇರಿದರೆ ಕೆಂಪಾಗದೆ ಇರದು. ಇಷ್ಟನ್ನು ಹೇಳಲು ಆಕೆ ಮುಂದಿನ ಸಂಚಿಕೆಗೆ ಎರಡು ಪುಟ ಬರೆದು ತಂದಳು! ಬಹುಮಾನವೇನೂ ದೊರೆತಿರಲಿಲ್ಲ. ತಾನು ಬರೆದುದನ್ನು ಒಬ್ಬರು ಕೊನೆಯ ಸಾಲಿನವರೆಗೆ ಓದಿದರೆಂಬ ಸದ್ದಿಲ್ಲದ ಸಂತೋಷವೇ ಆಕೆಯ ಕೈಯಲ್ಲಿ ಲೇಖನಿಯನ್ನು ಮತ್ತೆ ಇಟ್ಟಿತು.

ನಮ್ಮ ಸತ್ಯವೇದದಲ್ಲಿ ಪೌಲನ ಕಾಗದಗಳಿಗೂ ಪತ್ರಿಕೆಗಳೆಂದೇ ಹೆಸರು. ಕೊಲೊಸ್ಸೆಯ ಸಭೆಗೆ ಬರೆದುದನ್ನು ಲವೊದಿಕೀಯದವರಿಗೂ ಓದಿ ಹೇಳಬೇಕೆಂದು ಆತನು ತಿಳಿಸಿದ್ದನು. ನೆರೆಯೂರಿನವರೆಗೆ ತಲಪಿದರೆ ಆತನಿಗೆ ಅಂದಿಗೆ ಸಾಕಾಗಿತ್ತು.

ಕೊಡಗಿನ ಗೌರಮ್ಮನವರು 1912ರಲ್ಲಿ ಜನಿಸಿ, 1939ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. 'ಕಂಬನಿ', 'ಚಿಗುರು' ಎಂಬ ಅವರ ಕಥಾಸಂಗ್ರಹಗಳು ಹೊರಬಂದುದು ಅನಂತರ. ಬದುಕಿದ್ದಾಗ ಅವರಿಗಿದ್ದವರು ಪತ್ರಿಕೆಗಳ ಓದುಗರು, ಮತ್ತು ತಂಗಿಯೆಂದು ಭಾವಿಸಿದ ದ. ರಾ. ಬೇಂದ್ರೆಯವರಂತಹ ಕೆಲವರು. ನಂಜನಗೂಡು ತಿರುಮಲಾಂಬನವರಾದರೋ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನೂ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ತಾವೇ ನಡೆಯಿಸಿದವರು. 1982ರವರೆಗೆ ಬಾಳಿಯೂ ಕಡೆಯ ದಶಕಗಳನ್ನು ಸಾಹಿತ್ಯಲೋಕದ ಕಣ್ಣಿಗೆ ಮರೆಯಾಗಿಯೇ ಕಳೆದರು. ಯಾರ ಪಾಡು ಹೆಚ್ಚು ಮರುಗತಕ್ಕದ್ದೆಂದು ನಾನು ಎಷ್ಟೋ ಸಲ ಯೋಚಿಸಿರುವೆನು.

ಮಾತಾಪಿತೃಗಳಲ್ಲಿ ಒಂದು ಬಿನ್ನಹವಿದೆ. ಮಗಳು ಮಲಗಿದ ಮೇಲೆ ಆಕೆಯ ದಿನಚರಿಯನ್ನು ತೆರೆದು ನೋಡುವುದು ಓದಲ್ಲ, ತಪಾಸಣೆ. ಅದು ಆಕೆಗೆ ತಿಳಿದ ದಿನವೇ ಆ ಪುಸ್ತಕದಲ್ಲಿ ನಿಜವಾದ ಮಾತು ಮುಗಿಯುವುದು. ಇದನ್ನು ಕಠಿನವೆಂದು ತಿಳಿಯಬೇಡಿರಿ. ಮುಗಿದುಹೋದ ಪುಸ್ತಕಗಳನ್ನು ಕಂಡು ಹೇಳುತ್ತಿರುವೆನು. ಆಕೆಯ ಪದ್ಯವನ್ನು ಹೆಮ್ಮೆಯಿಂದ ಮೊಬೈಲಿನಲ್ಲಿ ನೂರು ಮಂದಿ ಬಂಧುಗಳಿಗೆ ಕಳುಹಿಸುವ ತಂದೆಯೂ ಅದನ್ನು ಓದಿರುವನೆಂದು ಹೇಳಲಾಗದು. ಬಂಧುಗಳು ಕೈಮುಗಿದ ಚಿತ್ರವೊಂದನ್ನು ಮರಳಿಸುವರು, ಅಷ್ಟೆ. ಕಾಗುಣಿತದ ತಪ್ಪುಗಳನ್ನು ಕೆಂಪು ಮಸಿಯಿಂದ ತಿದ್ದುವ ಕೆಲಸವನ್ನು ನಮಗೆ ಬಿಡಿರಿ. ಅದಕ್ಕೆಂದೇ ನಮಗೆ ಸಂಬಳ. ಆಕೆ ತಾನಾಗಿ ತಂದುಕೊಟ್ಟಾಗ ಕೈಕೆಲಸ ಬಿಟ್ಟು ಕುಳಿತು ಓದಿರಿ. ಓದಿ ಒಂದು ಪ್ರಶ್ನೆ ಕೇಳಿರಿ. ತಂದುಕೊಡದಿದ್ದರೆ ಕಾಯಿರಿ.

ಪೂರ್ವವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಮದುವೆಯಾದ ಮೇಲೆ ಹಾಲಿನ ಲೆಕ್ಕವನ್ನಲ್ಲದೆ ಬೇರೇನನ್ನೂ ಬರೆಯಲಿಲ್ಲವೆಂದು ನಗುತ್ತ ಹೇಳುವರು. ನನಗೆ ನಗು ಬರುವುದಿಲ್ಲ. ನಮ್ಮ ಪತ್ರಿಕೆಗೆ ನಿಮ್ಮ ಒಂದು ಪುಟವನ್ನು ಕಳುಹಿಸಿರಿ. ಅಚ್ಚಾಗದು, ಸುಂದರವಾದ ಕೈಬರಹವುಳ್ಳ ಹುಡುಗಿಯೊಬ್ಬಳು ಅದನ್ನು ನಕಲು ಮಾಡುವಳು. ಆ ಒಬ್ಬಳಂತೂ ಅದನ್ನು ಪೂರ್ತಿಯಾಗಿ ಓದಿಯೇ ಓದುವಳು.